ಮಾರಲು ಒಲ್ಲೆ ಎಂದ ಕಾರ್ಖಾನೆ: ಮಾರ್ಗನ್ ಕಾರುಗಳ ಕತೆ

ಕಾರು ಕಾರ್ಖಾನೆ ಎಂದ ಕೂಡಲೇ ನಮಗೆ ನೆನಪಾಗುವುದು ಉದ್ದದ ಬೆಲ್ಟು, ಅದರ ಮೇಲೆ ಸಾಲಾಗಿ ತೇಲಿ ಬರುವ ಕಾರುಗಳು, ಕಿಡಿ ಹಾರಿಸುವ ರೋಬೋಗಳು. ಇಂಗ್ಲೆಂಡಿನ ಮಾಲ್ವರ್ನ್ ಎಂಬ ಬೆಟ್ಟದ ಬುಡದ ಊರಿನಲ್ಲಿರುವ ಮಾರ್ಗನ್ ಕಾರ್ಖಾನೆ ಹಾಗಿಲ್ಲ. ಅಲ್ಲಿ ಒಂದು ಶೆಡ್ಡಿನ ತುಂಬ ಬಡಗಿಗಳು. ಉಳಿ, ಕೀಸುಳಿ, ಅಂಟು, ಮರದ ಹೊಟ್ಟು. ಅವರು ಮಾಡುತ್ತಿರುವುದು ಕುರ್ಚಿ ಮೇಜಲ್ಲ, ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಿ ಓಡಬಲ್ಲ ಕಾರಿನ ಮೈ.

ಈ ಕಂಪನಿ ಶುರುವಾಗಿದ್ದು 1909-10ರಲ್ಲಿ. ಅಲ್ಲಿಂದ 2019ರವರೆಗೆ ಅದು ಒಂದೇ ಮನೆತನದ ಕೈಯಲ್ಲಿತ್ತು. ಇದಕ್ಕಿಂತ ನೂರು ಪಾಲು ದೊಡ್ಡದಾಗಿದ್ದ ಬ್ರಿಟಿಷ್ ಕಾರು ಕಂಪನಿಗಳು ಬಾಗಿಲು ಹಾಕಿದವು. ಇದನ್ನು ಕೊಳ್ಳಲು ಬಂದವರ ಕಂಪನಿಗಳೇ ಈಗ ಇಲ್ಲ. ಇದು ಮಾತ್ರ ಉಳಿದದ್ದು ಹೇಗೆ? ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಉತ್ತರ ಒಂದೇ: ಮರ, ಕೈಕೆಲಸ, ಸಂಪ್ರದಾಯ. ನಮಗೆ ಅದು ಅರ್ಧ ಉತ್ತರ ಅನ್ನಿಸಿತು. ಉಳಿದರ್ಧ ಲೆಕ್ಕಾಚಾರದ್ದು.

ಹೆನ್ರಿ ಫ್ರೆಡರಿಕ್ ಸ್ಟ್ಯಾನ್ಲಿ ಮಾರ್ಗನ್ ಹುಟ್ಟಿದ್ದು 1881ರಲ್ಲಿ, ಹೆರಿಫರ್ಡ್‌ಶೈರ್ ಎಂಬ ಅಪ್ಪಟ ಹಳ್ಳಿಗಾಡಿನ ಜಿಲ್ಲೆಯಲ್ಲಿ. ಸೇಬಿನ ತೋಟ ಮತ್ತು ದನಗಳಿಗೆ ಹೆಸರಾದ ಸೀಮೆ ಅದು. ತಂದೆ ಸ್ಟೋಕ್ ಲೇಸಿ ಎಂಬ ಹಳ್ಳಿಯ ಚರ್ಚಿನಲ್ಲಿ ಪಾದ್ರಿ. ಮಗನಿಗೆ ಮಾತ್ರ ಯಂತ್ರಗಳ ಹುಚ್ಚು. ಹದಿನೆಂಟರ ವಯಸ್ಸಿಗೆ ಸ್ವಿಂಡನ್‌ನ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿದ. ಅದೇ ಸುಮಾರಿಗೆ ಬಾಡಿಗೆಗೆ ತಂದ ಒಂದು ಬೆಂಜ್ ಕಾರು ಇಳಿಜಾರಿನಲ್ಲಿ ಹಿಡಿತ ತಪ್ಪಿ ಓಡಿ ಜಖಂ ಆಯಿತು. ರಿಪೇರಿಗೆ 28 ಪೌಂಡ್. ಆ ಕಾಲದ ಹೊಲದ ಕೂಲಿಯವನಿಗೆ ಅದು ಹಲವು ತಿಂಗಳ ದುಡಿಮೆ. ದುಡ್ಡು ಕಟ್ಟಿದ್ದು ಅಪ್ಪ. ಬೇರೆ ಮನೆಯಾಗಿದ್ದರೆ ಹುಡುಗನ ಯಂತ್ರದ ಹುಚ್ಚು ಅಲ್ಲಿಗೇ ಮುಗಿಯುತ್ತಿತ್ತೇನೋ. ಈ ಪಾದ್ರಿ ಮಾತ್ರ ಮುಂದೆಯೂ ಮಗನಿಗೆ ದುಡ್ಡು ಕೊಡುತ್ತಲೇ ಹೋದರು.

ರೈಲ್ವೆ ಬಿಟ್ಟ ಮೇಲೆ ಮಾರ್ಗನ್ ಮಾಲ್ವರ್ನ್ ಲಿಂಕ್‌ನಲ್ಲಿ ಒಂದು ಗ್ಯಾರೇಜ್ ತೆರೆದರು. ಬೇರೆ ಕಂಪನಿಗಳ ಕಾರು ಮಾರುವುದು, ರಿಪೇರಿ ಮಾಡುವುದು, ಜೊತೆಗೆ ಸುತ್ತಲಿನ ಊರುಗಳಿಗೆ ಒಂದು ಸಣ್ಣ ಬಸ್ಸು ಓಡಿಸುವುದು. ಅಲ್ಲಿ ಹೊಟ್ಟೆಪಾಡು ನಡೆಯುತ್ತಿದ್ದಾಗಲೇ, ಮೋಟಾರ್ ಸೈಕಲ್ ಮಾಡೋಣವೆಂದು ಏಳು ಹಾರ್ಸ್‌ಪವರ್‌ನ ಒಂದು ಪ್ಯೂಜೋ ಎಂಜಿನ್ ತಂದಿಟ್ಟುಕೊಂಡಿದ್ದರು. ಕೊನೆಗೆ ಅದಕ್ಕೆ ಎರಡರ ಬದಲು ಮೂರು ಗಾಲಿ ಜೋಡಿಸಿದರು. ಊರಿನ ಮಾಲ್ವರ್ನ್ ಕಾಲೇಜಿನ ವರ್ಕ್‌ಶಾಪ್, ಅಲ್ಲಿನ ಎಂಜಿನಿಯರಿಂಗ್ ಮೇಷ್ಟ್ರ ಸಹಾಯ, ಇಷ್ಟರಲ್ಲೇ 1909ರಲ್ಲಿ ಮೊದಲ ಗಾಡಿ ಸಿದ್ಧವಾಯಿತು.

ನಮ್ಮ ಆಟೋಗೆ ಮುಂದೆ ಒಂದು ಗಾಲಿ, ಹಿಂದೆ ಎರಡು. ಮಾರ್ಗನ್ ಗಾಡಿಗೆ ಇದು ಉಲ್ಟಾ: ಮುಂದೆ ಎರಡು, ಹಿಂದೆ ಒಂದು. ಎಂಜಿನ್ ಮೂತಿಯ ಮೇಲೆ, ಹೊರಗೇ ಕಾಣುವಂತೆ. ತಿರುವಿನಲ್ಲಿ ಆಟೋ ಮಗುಚುವ ಭಯ ಗೊತ್ತಿರುವವರಿಗೆ ಈ ಜೋಡಣೆಯ ಲಾಭ ಬೇಗ ಅರ್ಥವಾಗುತ್ತದೆ. ಭಾರವೂ ಮುಂದೆ, ಅಗಲವೂ ಮುಂದೆ. ಜೊತೆಗೆ ಮುಂದಿನ ಎರಡು ಗಾಲಿಗಳಿಗೂ ಬೇರೆ ಬೇರೆ ಸ್ಪ್ರಿಂಗ್. ಪ್ರತಿ ಗಾಲಿಯೂ ಒಂದು ನೆಟ್ಟಗಿನ ಕಂಬದ ಮೇಲೆ ಮೇಲೆ ಕೆಳಗೆ ಜಾರುವ ವ್ಯವಸ್ಥೆ. ಎಡಗಾಲಿ ಗುಂಡಿಗೆ ಬಿದ್ದರೆ ಬಲಗಾಲಿಗೆ ಅದರ ಸುದ್ದಿಯೇ ಇಲ್ಲ. ಬೇರೆ ಬಹುತೇಕ ಕಾರುಗಳು ಎತ್ತಿನಗಾಡಿಯಂತೆ ಎರಡು ಗಾಲಿಗೂ ಸೇರಿಸಿ ಒಂದೇ ಅಚ್ಚು ಹಾಕುತ್ತಿದ್ದ ಕಾಲ ಅದು. ಈ ಕಂಬದ ಸ್ಪ್ರಿಂಗನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಗೇರು ಎರಡೇ. ಎರಡು ಚೈನು, ಯಾವುದು ಬೇಕೋ ಅದನ್ನು ಹಿಂದಿನ ಗಾಲಿಗೆ ಸೇರಿಸುವುದು. ರಿವರ್ಸ್ ಗೇರ್ ಬಂದದ್ದು 1930ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೆ ಹಿಂದೆ ಹೋಗಬೇಕಾದರೆ ಇಳಿದು ಗಾಡಿಯನ್ನು ಕೈಯಿಂದ ಎಳೆಯಬೇಕಿತ್ತು. ಗಾಡಿ ಅಷ್ಟು ಹಗುರವಾಗಿದ್ದರಿಂದ ಯಾರಿಗೂ ಅದು ದೊಡ್ಡ ತೊಂದರೆ ಅನ್ನಿಸಲಿಲ್ಲ.

1910ರ ನವೆಂಬರಿನಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನಕ್ಕೆ ಗಾಡಿ ಹೋಯಿತು. ನೋಡಿದವರು ಬಹಳ, ಕೊಂಡವರು ಕಡಿಮೆ. ಕಾರಣ ಸರಳ: ಗಾಡಿಯಲ್ಲಿ ಒಬ್ಬರೇ ಕೂರಬಹುದಿತ್ತು. ಮರುವರ್ಷ ಎರಡು ಸೀಟಿನ ಗಾಡಿ ಮಾಡಿದರು. ಲಂಡನ್ನಿನ ಸಿರಿವಂತರ ಅಂಗಡಿ ಹ್ಯಾರಡ್ಸ್ ಅದನ್ನು ತನ್ನ ಗಾಜಿನ ಕಿಟಕಿಯಲ್ಲಿಟ್ಟು ಮಾರಲು ಮುಂದೆ ಬಂತು. ಬೆಲೆ 65 ಪೌಂಡ್. ಬೇಡಿಕೆ ಎಷ್ಟು ಬಂತೆಂದರೆ, ತಮ್ಮ ಕೈಯಲ್ಲಿ ಆಗದು ಎಂದು ಮಾರ್ಗನ್ ದೊಡ್ಡ ಕಂಪನಿಗಳನ್ನು ಕೇಳಿಕೊಂಡರು: ನನ್ನ ಗಾಡಿಯನ್ನು ನೀವೇ ತಯಾರಿಸುತ್ತೀರಾ? ಯಾರೂ ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ, ಗಿರಾಕಿಗಳ ಮುಂಗಡ ಮತ್ತು ಅಪ್ಪನ ದುಡ್ಡು ಸೇರಿಸಿ ಯಂತ್ರಗಳನ್ನು ತಂದರು. 1912ರಲ್ಲಿ ಲಿಮಿಟೆಡ್ ಕಂಪನಿ ಆಯಿತು. ಅಪ್ಪ ಅಧ್ಯಕ್ಷ, ಮಗ ವ್ಯವಸ್ಥಾಪಕ.

ಅಪ್ಪನ ಬಗ್ಗೆ ಇನ್ನೊಂದು ಮಾತು. ಪತ್ರಿಕೆಗಳಲ್ಲಿ ಮೂರು ಗಾಲಿಯ ಗಾಡಿಯನ್ನು ಯಾರಾದರೂ ಹೀಯಾಳಿಸಿದರೆ ಈ ಪಾದ್ರಿ ಕೂಡಲೇ ಸಂಪಾದಕರಿಗೆ ಪತ್ರ ಬರೆಯುತ್ತಿದ್ದರು. ಮಗನ ಗಾಡಿಯ ಓಟ ಎಲ್ಲಿದ್ದರೂ ಎತ್ತರದ ರೇಷ್ಮೆ ಟೋಪಿ ಹಾಕಿಕೊಂಡು ಹಾಜರ್. ಮಗನೂ ಸುಮ್ಮನೆ ಕೂತವರಲ್ಲ. ಬೆಟ್ಟ ಹತ್ತುವ ಸ್ಪರ್ಧೆ, ದೂರದ ಓಟ ಎಲ್ಲಕ್ಕೂ ಸ್ವತಃ ಗಾಡಿ ಓಡಿಸಿಕೊಂಡು ಹೋಗುತ್ತಿದ್ದರು, ಎಷ್ಟೋ ಸಲ ಹೆಂಡತಿ ರೂತ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಜಾಹೀರಾತಿಗೆ ದುಡ್ಡಿಲ್ಲದ ಕಂಪನಿಗೆ ಗೆದ್ದ ಪದಕವೇ ಜಾಹೀರಾತು. 1913ರಲ್ಲಿ ಫ್ರಾನ್ಸಿನ ಅಮಿಯಾನ್‌ನಲ್ಲಿ ನಡೆದ ಸಣ್ಣ ಗಾಡಿಗಳ ಗ್ರ್ಯಾಂಡ್ ಪ್ರಿ ಓಟದಲ್ಲಿ ಮಾರ್ಗನ್ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿತು. ಇದು ಕಾರಲ್ಲ, ಮೋಟಾರ್ ಸೈಕಲ್ ಎಂದು ಅಲ್ಲಿನವರು ತಕರಾರು ತೆಗೆದರು.

ಆ ತಕರಾರೇ ಮುಂದೆ ಕಂಪನಿಗೆ ವರವಾಯಿತು. ಬ್ರಿಟಿಷ್ ಸರ್ಕಾರ 1921ರಿಂದ ಕಾರುಗಳಿಗೆ ಹಾರ್ಸ್‌ಪವರ್ ಲೆಕ್ಕದಲ್ಲಿ ತೆರಿಗೆ ಹಾಕಿತು, ಒಂದಕ್ಕೆ ವರ್ಷಕ್ಕೊಂದು ಪೌಂಡ್. ಆದರೆ ಸುಮಾರು 400 ಕಿಲೋ ಒಳಗಿನ ಮೂರು ಗಾಲಿಯ ಗಾಡಿ ಕಾನೂನಿನ ಕಣ್ಣಿನಲ್ಲಿ ಕಾರಲ್ಲ. ಅದಕ್ಕೆ ಒಟ್ಟು ನಾಲ್ಕೇ ಪೌಂಡ್. ಸಂಬಳದಲ್ಲಿ ಬದುಕುವ ಜನಕ್ಕೆ ಈ ವ್ಯತ್ಯಾಸ ದೊಡ್ಡದು. ಹೀಗಾಗಿ ಮಾರ್ಗನ್ ಒಂದೇ ಹೊತ್ತಿಗೆ ಎರಡು ಥರದ ಜನರ ಗಾಡಿಯಾಯಿತು: ಕಾರಿಗೆ ದುಡ್ಡು ಸಾಲದ ಸಂಸಾರಸ್ಥರದ್ದು, ವೇಗದ ಹುಚ್ಚಿನ ಹುಡುಗರದ್ದು. 1924ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದಲ್ಲಿ ಒಂದು ಮಾರ್ಗನ್ ಕೆಟ್ಟದಾಗಿ ಉರುಳಿ ಇಬ್ಬರಿಗೆ ತೀವ್ರ ಪೆಟ್ಟಾಯಿತು. ಆಮೇಲೆ ಕಾರುಗಳ ಜೊತೆ ಮೂರು ಗಾಲಿಯ ಗಾಡಿಗಳು ಓಡುವುದಕ್ಕೆ ನಿಷೇಧ ಬಂತು. ಆದರೂ ಆ ದಶಕ ಮುಗಿಯುವ ಹೊತ್ತಿಗೆ ಗ್ವೆಂಡಾ ಸ್ಟುವರ್ಟ್ ಎಂಬ ಮಹಿಳೆ ಫ್ರಾನ್ಸಿನ ಮಾಂಟ್‌ಲೆರಿ ಮೈದಾನದಲ್ಲಿ ಮಾರ್ಗನ್ ಓಡಿಸಿ ಒಂದೇ ಗಂಟೆಯಲ್ಲಿ ನೂರು ಮೈಲಿ, ಅಂದರೆ 160 ಕಿ.ಮೀ. ದಾಟಿದರು.

ಆದರೆ ಕಂಪನಿಗೆ ನಿಜವಾದ ಪೆಟ್ಟು ಕೊಟ್ಟದ್ದು 1922ರಲ್ಲಿ ಬಂದ ಆಸ್ಟಿನ್ ಸೆವೆನ್. ನಾಲ್ಕು ಗಾಲಿ, ನಾಲ್ಕು ಜನಕ್ಕೆ ಜಾಗ, ಮಳೆ ಬಂದರೆ ಟಾಪು. ವರ್ಷ ವರ್ಷ ಅದರ ಬೆಲೆ ಇಳಿಯುತ್ತ ಬಂತು. ಫೋರ್ಡ್ ಕೂಡ ಅಗ್ಗದ ಕಾರು ತಂದಿತು. ಮೂರು ಗಾಲಿಗೆ ಇನ್ನು ಉಳಿಗಾಲವಿಲ್ಲ ಎಂದು ಅರ್ಥವಾಗಲು ಮಾರ್ಗನ್‌ಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಇದು ಸ್ವಲ್ಪ ತಡವೇ ಆಯಿತು ಎಂಬುದು ನಮ್ಮ ಅಭಿಪ್ರಾಯ. 1936ರಲ್ಲಿ ಮೊದಲ ನಾಲ್ಕು ಗಾಲಿಯ ಮಾರ್ಗನ್ ಮಾರುಕಟ್ಟೆಗೆ ಬಂತು. ಹೆಸರು ಫೋರ್-ಫೋರ್, ನಾಲ್ಕು ಗಾಲಿ, ನಾಲ್ಕು ಸಿಲಿಂಡರ್. ಎಂಜಿನ್ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯದ್ದು. ಮುಂದಿನ ಗಾಲಿಗೆ ಅದೇ ಹಳೆಯ ಕಂಬದ ಸ್ಪ್ರಿಂಗ್.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ಮಾರ್ಗನ್ ಕಾರಿನ ಚಾಸಿಸ್ ಮರದ್ದು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅಲ್ಲ. ಚಾಸಿಸ್ ಉಕ್ಕಿನದು. ಅದರ ಮೇಲೆ ಕೂರುವ ಮೈಯ ಚೌಕಟ್ಟು ಮರದ್ದು. ಆ ಚೌಕಟ್ಟಿನ ಮೇಲೆ ತಗಡು ಹೊದಿಸುತ್ತಾರೆ. ಮನೆಗೆ ತೊಲೆ ಜಂತಿ ಇಟ್ಟು ಮೇಲೆ ಹೆಂಚು ಹಾಕಿದ ಹಾಗೆ. ಬಳಸುವ ಮರದ ಹೆಸರು ಆ್ಯಶ್. ನಮ್ಮ ಕಡೆ ಬೆಳೆಯುವುದಿಲ್ಲ, ಆದರೆ ಟಿವಿಯಲ್ಲಿ ನೀವು ನೋಡಿರುತ್ತೀರಿ: ಕ್ರಿಕೆಟ್ ಸ್ಟಂಪ್ ಮಾಡುವುದು ಇದೇ ಮರದಲ್ಲಿ. ಹಗುರ, ಗಟ್ಟಿ, ಬಾಗಿಸಿದರೆ ಬಾಗುತ್ತದೆ, ಪೆಟ್ಟು ಬಿದ್ದರೆ ಬೇಗ ಸೀಳುವುದಿಲ್ಲ. ಹಿಂದಿನ ಗಾಲಿಯ ಮೇಲಿನ ಕಮಾನನ್ನು ಮಾಡುವುದು ಮೂರು ತೆಳು ಹಲಗೆಗಳಿಗೆ ಅಂಟು ಬಳಿದು, ಅಚ್ಚಿಗೆ ಬಾಗಿಸಿ, ಕ್ಲ್ಯಾಂಪ್ ಬಿಗಿದು ಒಣಗಲು ಬಿಟ್ಟು. ಆ ಕಾಲದಲ್ಲಿ ಮರ ಬಳಸುವುದೇನೂ ವಿಶೇಷವಲ್ಲ, ಬಹುತೇಕ ಕಾರುಗಳ ಮೈ ಹಾಗೆಯೇ ಇರುತ್ತಿತ್ತು. ಉಳಿದವರು ಕೋಟಿಗಟ್ಟಲೆ ಸುರಿದು ಉಕ್ಕಿನ ತಗಡನ್ನು ಒಂದೇ ಏಟಿಗೆ ಅಚ್ಚೊತ್ತುವ ದೈತ್ಯ ಪ್ರೆಸ್ ಯಂತ್ರಗಳನ್ನು ತಂದರು. ಆ ಪ್ರೆಸ್ಸಿನ ಸಾಲ ತೀರಬೇಕಾದರೆ ಸಾವಿರಾರು ಕಾರು ಮಾರಬೇಕು. ವಾರಕ್ಕೆ ಏಳೆಂಟು ಕಾರು ಮಾಡುವವರಿಗೆ ಬಡಗಿಯೇ ಅಗ್ಗ. ಮಾರ್ಗನ್ ಮರವನ್ನು ಬಿಡದಿರಲು ಪ್ರೀತಿಗಿಂತ ಮೊದಲು ಇದ್ದದ್ದು ಈ ಲೆಕ್ಕ.

ಎಂಜಿನ್ ವಿಷಯದಲ್ಲೂ ಅಷ್ಟೇ. ಕಂಪನಿ ತನ್ನ ಕಾರುಗಳಿಗೆ ಎಂಜಿನ್ನನ್ನು ಹೊರಗಿನಿಂದಲೇ ಕೊಂಡು ತರುತ್ತಿತ್ತು. ಲಾಭ ಏನೆಂದರೆ, ಎಂಜಿನ್ ರೂಪಿಸುವ ಭಾರೀ ಖರ್ಚು ಇಲ್ಲ. ಅಪಾಯ ಏನೆಂದರೆ, ಕೊಡುವವನು ನಿಲ್ಲಿಸಿದರೆ ನಿಮ್ಮ ಕಾರೂ ನಿಂತಿತು.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಉಕ್ಕಿಗೂ ರೇಷನ್. ಯಾರು ಹೊರದೇಶಕ್ಕೆ ಮಾರಿ ಡಾಲರ್ ತರುತ್ತಾರೋ ಅವರಿಗೆ ಉಕ್ಕು. ಮೂರು ಗಾಲಿಯ ಗಾಡಿಯನ್ನು ವಿದೇಶದಲ್ಲಿ ಕೇಳುವವರಿರಲಿಲ್ಲ. 1952ಕ್ಕೆ ಅದನ್ನು ನಿಲ್ಲಿಸಿದರು. ನಾಲ್ಕು ಗಾಲಿಯ ಸ್ಪೋರ್ಟ್ಸ್ ಕಾರು ಅಮೆರಿಕದಲ್ಲಿ ಹಿಡಿಸಿತು, ಮುಂದಿನ ಹತ್ತು ವರ್ಷ ತಯಾರಾದ ಕಾರುಗಳಲ್ಲಿ ದೊಡ್ಡ ಪಾಲು ಹಡಗು ಹತ್ತಿತು. 1950ರಲ್ಲಿ ಬಂದ ಪ್ಲಸ್ ಫೋರ್ ಕಾರಿಗೆ ಎಂಜಿನ್ ಕೊಟ್ಟದ್ದು ಸ್ಟ್ಯಾಂಡರ್ಡ್ ಕಂಪನಿ.

ಆ ಸ್ಟ್ಯಾಂಡರ್ಡ್ ಕಂಪನಿಯ ಯಜಮಾನ ಸರ್ ಜಾನ್ ಬ್ಲ್ಯಾಕ್ ಅವರಿಗೆ ಅಮೆರಿಕದ ಮಾರುಕಟ್ಟೆಗೆ ಒಂದು ಸ್ಪೋರ್ಟ್ಸ್ ಕಾರು ಬೇಕಿತ್ತು. ಹೊಸದು ಮಾಡುವ ಬದಲು ಮಾರ್ಗನ್ ಕಂಪನಿಯನ್ನೇ ಕೊಳ್ಳುತ್ತೇನೆ ಎಂದರು. ಯೋಚಿಸಿ ನೋಡಿ: ನಿಮ್ಮ ಕಾರಿಗೆ ಎಂಜಿನ್ ಕೊಡುವವರೇ ನಿಮ್ಮನ್ನು ಕೊಳ್ಳಲು ಬಂದಿದ್ದಾರೆ. ಬೇಡ ಎಂದರೆ ಎಂಜಿನ್ ನಿಂತರೂ ನಿಲ್ಲಬಹುದು. ಮಾರ್ಗನ್ ಮನೆಯವರು ಬೇಡ ಎಂದರು. ಬ್ಲ್ಯಾಕ್ ಎಂಜಿನ್ ನಿಲ್ಲಿಸಲಿಲ್ಲ, ಅದು ಅವರ ದೊಡ್ಡತನ. ತಮ್ಮದೇ ಕಾರು ಮಾಡಿಸಿದರು, ಅದೇ ಟ್ರಯಂಫ್ ಟಿಆರ್-2. ಅದರ ಎಂಜಿನ್ನೂ ಮಾರ್ಗನ್‌ಗೆ ಸಿಕ್ಕಿತು. ಹದಿನೈದು ವರ್ಷದ ನಂತರ ರೋವರ್ ಕಂಪನಿಯವರು ಇದೇ ಮಾತು ಆಡಿಕೊಂಡು ಬಂದರು. ಆಗ ಹ್ಯಾರಿ ಮಾರ್ಗನ್ ತೀರಿಕೊಂಡು ಮಗ ಪೀಟರ್ ನಡೆಸುತ್ತಿದ್ದರು. ಕಂಪನಿ ಮಾರುವುದಿಲ್ಲ, ಆದರೆ ನಿಮ್ಮ ಹೊಸ ವಿ-8 ಎಂಜಿನ್ ನಮಗೆ ಕೊಡಿ ಎಂದರು ಪೀಟರ್. ಕೊಟ್ಟರು! 1968ರ ಪ್ಲಸ್ ಏಯ್ಟ್ ಹುಟ್ಟಿದ್ದು ಹಾಗೆ. ಅದು 2004ರವರೆಗೆ ಓಡಿತು.

ಪೀಟರ್ ಹೊಸದನ್ನು ಪ್ರಯತ್ನಿಸಲಿಲ್ಲ ಎಂದಲ್ಲ. 1960ರ ದಶಕದಲ್ಲಿ ಫೈಬರ್‌ಗ್ಲಾಸ್ ಮೈಯ, ಮೇಲೆ ಮುಚ್ಚಿಗೆಯಿರುವ ಆಧುನಿಕ ಕಾರೊಂದನ್ನು ಮಾಡಿದರು. ಒಟ್ಟು 26 ತಯಾರಾದವು. ಮಾರ್ಗನ್ ಕೊಳ್ಳುವವರಿಗೆ ಮಾರ್ಗನ್ನಿನಂತೆ ಕಾಣದ ಕಾರು ಬೇಡವಾಗಿತ್ತು. ಇದಕ್ಕೆ ವಿರುದ್ಧ, ಹಳೆಯ ರೂಪದ ಕಾರು ಅದೇ ಕಾಲದಲ್ಲಿ ದೊಡ್ಡ ಹೆಸರು ತಂದಿತು. ಫ್ರಾನ್ಸಿನ ಲೆ ಮಾನ್ ಎಂಬಲ್ಲಿ 24 ಗಂಟೆ ನಿಲ್ಲದೆ ಓಡುವ ಸ್ಪರ್ಧೆ ನಡೆಯುತ್ತದೆ. 1961ರಲ್ಲಿ ಅಲ್ಲಿಗೆ ಹೋದ ಮಾರ್ಗನ್ ಕಾರನ್ನು ಹಳೇ ಕಾಲದ ಗಾಡಿ ಎಂಬಂತೆ ನೋಡಿ ತಪಾಸಣೆಯಲ್ಲೇ ವಾಪಸ್ ಕಳಿಸಿದ್ದರು. 1962ರಲ್ಲಿ ಮತ್ತೆ ಹೋದರು. ಕ್ರಿಸ್ ಲಾರೆನ್ಸ್ ಮತ್ತು ರಿಚರ್ಡ್ ಶೆಪರ್ಡ್-ಬ್ಯಾರನ್ ಸರದಿಯ ಮೇಲೆ ಓಡಿಸಿ, ಗಂಟೆಗೆ ಸರಾಸರಿ 150 ಕಿ.ಮೀ.ನಂತೆ ಇಡೀ ಹಗಲು ರಾತ್ರಿ ಓಡಿ, ಎರಡು ಲೀಟರ್ ಎಂಜಿನ್ನಿನ ವರ್ಗದಲ್ಲಿ ಗೆದ್ದರು.

1970ರ ದಶಕದಲ್ಲಿ ಅಮೆರಿಕ ಹೊಗೆಯ ನಿಯಮ ಬಿಗಿ ಮಾಡಿದಾಗ ಆ ಬಾಗಿಲೂ ಮುಚ್ಚಿತು. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಡೀಲರ್ ಉಪಾಯ ಕಂಡುಹಿಡಿದರು: ಕಾರು ತರಿಸಿ, ಪೆಟ್ರೋಲ್ ಬದಲು ಪ್ರೊಪೇನ್ ಗ್ಯಾಸಿನಲ್ಲಿ ಓಡುವಂತೆ ಬದಲಾಯಿಸಿ ಮಾರುವುದು. ಒಮಿನಿ ವ್ಯಾನಿಗೆ ಗ್ಯಾಸ್ ಕಿಟ್ ಹಾಕಿಸಿದವರಿಗೆ ಇದು ಹೊಸದಲ್ಲ.

ಅಷ್ಟರಲ್ಲಿ ಉಳಿದವರ ಕತೆ ಏನಾಯಿತು? ಜೆನ್ಸನ್ 1976ರಲ್ಲಿ ಮುಚ್ಚಿತು. ಎಂಜಿ ಕಾರುಗಳ ಆ್ಯಬಿಂಗ್ಡನ್ ಕಾರ್ಖಾನೆ 1980ರಲ್ಲಿ. ಮರುವರ್ಷ ಟ್ರಯಂಫ್ ತನ್ನ ಕೊನೆಯ ಟಿಆರ್ ಸ್ಪೋರ್ಟ್ಸ್ ಕಾರನ್ನು ಹೊರಬಿಟ್ಟಿತು. ಲೋಟಸ್ 1986ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಪಾಲಾಗಿ, ಆಮೇಲೆ ಕೈಯಿಂದ ಕೈಗೆ ಹೋಯಿತು.

ಈಗ ನಮ್ಮ ಗುಂಪಿನಲ್ಲೇ ವಾದಕ್ಕೆ ಕಾರಣವಾದ ಭಾಗ. 1990ರಲ್ಲಿ ಬಿಬಿಸಿ ಟಿವಿ 'ಟ್ರಬಲ್‌ಶೂಟರ್' ಎಂಬ ಕಾರ್ಯಕ್ರಮ ಮಾಡಿತು. ಐಸಿಐ ಎಂಬ ಭಾರೀ ರಾಸಾಯನಿಕ ಕಂಪನಿಯ ಅಧ್ಯಕ್ಷರಾಗಿದ್ದ ಸರ್ ಜಾನ್ ಹಾರ್ವೆ-ಜೋನ್ಸ್ ಸಣ್ಣ ಕಂಪನಿಗಳಿಗೆ ಹೋಗಿ, ಏನು ತಪ್ಪಿದೆ ಎಂದು ಕ್ಯಾಮೆರಾ ಮುಂದೆಯೇ ಹೇಳುವುದು ಅದರ ವಿಷಯ. ಮಾರ್ಗನ್‌ಗೂ ಬಂದರು. ಕಂಡದ್ದೇನು? ಕಾರುಗಳನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಆಳುಗಳು ಕೈಯಿಂದ ತಳ್ಳಿಕೊಂಡು ಹೋಗುತ್ತಿದ್ದಾರೆ. ಬಾನೆಟ್ಟನ್ನು ಆಯಾ ಕಾರಿನ ಮೈಗೆ ತಕ್ಕಂತೆ ಕತ್ತರಿಸಿ ಕೂರಿಸುತ್ತಾರೆ, ಒಂದರದ್ದು ಇನ್ನೊಂದಕ್ಕೆ ಆಗದು. ವಾರಕ್ಕೆ ಹತ್ತರ ಆಸುಪಾಸು ಕಾರು. ಗಿರಾಕಿಗಳು ಐದಾರು ವರ್ಷ ಕಾಯಬೇಕು. ಕಾಯಲಾರದವರು ಹಳೆಯ ಕಾರನ್ನೇ ಹೊಸದರ ಬೆಲೆ ಕೊಟ್ಟು ಕೊಳ್ಳುತ್ತಿದ್ದಾರೆ. ಅಂದರೆ ಕಂಪನಿಗೆ ಬರಬೇಕಾದ ಲಾಭ ಬೇರೆಯವರ ಜೇಬಿಗೆ.

ಅವರ ಸಲಹೆ: ತಯಾರಿಕೆ ದುಪ್ಪಟ್ಟು ಮಾಡಿ, ಬೆಲೆ ಏರಿಸಿ, ಹಳೆಯ ಕೆಲಸದ ಕ್ರಮ ಬದಲಿಸಿ. ಇಲ್ಲದಿದ್ದರೆ ಉಳಿಯುವುದು ಕಷ್ಟ. ಪೀಟರ್ ಮತ್ತು ಅವರ ಮಗ ಚಾರ್ಲ್ಸ್ ಒಪ್ಪಲಿಲ್ಲ. ಕಾರ್ಯಕ್ರಮ ಪ್ರಸಾರವಾದ ಮೇಲೆ ಆಗಿದ್ದೇನೆಂದರೆ ಆರ್ಡರ್‌ಗಳ ಮಹಾಪೂರ ಬಂತು, ಕಾಯುವ ಸಾಲು ಇನ್ನೂ ಉದ್ದವಾಯಿತು. ತಪ್ಪು ತೋರಿಸಲು ಹೋದ ಟಿವಿಯೇ ಪುಕ್ಕಟೆ ಜಾಹೀರಾತಾಯಿತು.

ನಮ್ಮಲ್ಲಿ ಕೆಲವರು ಹಾರ್ವೆ-ಜೋನ್ಸ್ ಪರ. ಗಿರಾಕಿ ಆರು ವರ್ಷ ಕಾಯುವುದು ಕಂಪನಿಯ ಹೆಮ್ಮೆಯಲ್ಲ, ಸೋಮಾರಿತನ ಎಂಬುದು ಅವರ ವಾದ. ಇನ್ನು ಕೆಲವರಿಗೆ ಪೀಟರ್ ಸರಿ. ಆ ಕಾಯುವ ಸಾಲು ಕಂಪನಿಯ ಕಣಜ ಇದ್ದ ಹಾಗೆ. ಬರ ಬಂದ ವರ್ಷ ಆರ್ಡರ್ ನಿಂತರೂ ಕೈಯಲ್ಲಿ ಐದು ವರ್ಷದ ಕೆಲಸ ಇರುತ್ತದೆ, ಒಬ್ಬ ಬಡಗಿಯನ್ನೂ ಮನೆಗೆ ಕಳಿಸಬೇಕಿಲ್ಲ. ಬ್ರಿಟನ್ನಿಗೆ ಆ ಬರ ಬೇಗನೇ ಬಂತು, 1990-91ರ ಆರ್ಥಿಕ ಹಿಂಜರಿತದ ರೂಪದಲ್ಲಿ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ದಶಕದಲ್ಲಿ ಚಾರ್ಲ್ಸ್ ಸದ್ದಿಲ್ಲದೆ ಕೆಲಸದ ಕ್ರಮ ಬದಲಿಸಿದರು, ತಯಾರಿಕೆ ಮೆಲ್ಲಗೆ ಏರಿತು, ಬೆಲೆಯೂ ಏರಿತು. ಟಿವಿಯಲ್ಲಿ ಬೇಡ ಎಂದ ಸಲಹೆಯ ಅರ್ಧವನ್ನು ಮನೆಯೊಳಗೆ ಪಾಲಿಸಿದರು. ಗೆದ್ದವರು ಯಾರು ಎಂದು ತೀರ್ಮಾನಿಸಲು ನಮಗೆ ಆಗಲಿಲ್ಲ.

ಈ ಚಾರ್ಲ್ಸ್ ಮಾರ್ಗನ್ ಮೊದಲು ನಮ್ಮ ವೃತ್ತಿಯವರು. ಐಟಿಎನ್ ಸುದ್ದಿಸಂಸ್ಥೆಯ ಕ್ಯಾಮೆರಾಮನ್ ಆಗಿ ಅಫ್ಘಾನಿಸ್ತಾನದ ಯುದ್ಧ ಚಿತ್ರೀಕರಿಸಿ ಬಂದವರು. 1985ರಲ್ಲಿ ಕಾರ್ಖಾನೆ ಸೇರಿದರು. 2000ದಲ್ಲಿ ಅವರ ಕಾಲದ ದೊಡ್ಡ ಹೆಜ್ಜೆ ಏರೋ ಏಯ್ಟ್ ಬಂತು. ಉಕ್ಕಿನ ಬದಲು ಅಂಟಿಸಿ ಕೂಡಿಸಿದ ಅಲ್ಯೂಮಿನಿಯಂ ಚಾಸಿಸ್, ಬಿಎಂಡಬ್ಲ್ಯು ವಿ-8 ಎಂಜಿನ್, ಮೈಗೆ ಮಾತ್ರ ಅದೇ ಆ್ಯಶ್ ಮರ. ಫೋಕ್ಸ್‌ವ್ಯಾಗನ್ ಬೀಟಲ್‌ನ ಹೆಡ್‌ಲೈಟ್ ತಂದು ಕೂರಿಸಿದ್ದರಿಂದ ಕಾರಿಗೆ ಮೆಳ್ಳೆಗಣ್ಣು ಬಂದಂತೆ ಕಾಣುತ್ತಿತ್ತು. ಜನ ಬಾಯಿಗೆ ಬಂದಂತೆ ನಕ್ಕರು, ಕೆಲವು ವರ್ಷದ ನಂತರ ಬೇರೆ ಹಾಕಿದರು. ಹೆಡ್‌ಲೈಟನ್ನೂ ಬೇರೆಯವರಿಂದಲೇ ಕೊಳ್ಳುವ ಸಣ್ಣ ಕಂಪನಿಯ ಪಾಡು ಇದು. 2011ರಲ್ಲಿ ಮೂರು ಗಾಲಿಯ ಗಾಡಿ ಮತ್ತೆ ಬಂತು, ಮೂತಿಯ ಮೇಲೆ ಎಂಜಿನ್ ಹೊತ್ತುಕೊಂಡು. ಈ ಸಲ ಕೊಂಡವರು ದುಡ್ಡು ಸಾಲದ ಸಂಸಾರಸ್ಥರಲ್ಲ, ದುಡ್ಡು ಹೆಚ್ಚಾದವರು.

ಹೊರಗಿನವರಿಗೆ ಎರಡು ಸಲ ಬೇಡ ಎಂದ ಮನೆಗೆ ಕೊನೆಯ ಪೆಟ್ಟು ಒಳಗಿನಿಂದಲೇ ಬಿತ್ತು. 2003ರಲ್ಲಿ ಪೀಟರ್ ತೀರಿಕೊಂಡರು. 2013ರಲ್ಲಿ ಆಡಳಿತ ಮಂಡಳಿ ಚಾರ್ಲ್ಸ್ ಅವರನ್ನು ವ್ಯವಸ್ಥಾಪಕ ಸ್ಥಾನದಿಂದ ಇಳಿಸಿತು, ಅದೇ ವರ್ಷ ಮಂಡಳಿಯಿಂದಲೂ ಹೊರಹಾಕಿತು. ಸ್ಥಾಪಕರ ಮೊಮ್ಮಗನಿಗೆ ತಾತನ ಕಂಪನಿಯಲ್ಲಿ ಕುರ್ಚಿ ಇಲ್ಲವಾಯಿತು. 2019ರಲ್ಲಿ ಇಟಲಿ ಮೂಲದ ಇನ್ವೆಸ್ಟ್‌ಇಂಡಸ್ಟ್ರಿಯಲ್ ಎಂಬ ಹೂಡಿಕೆ ಸಂಸ್ಥೆ ಹೆಚ್ಚಿನ ಪಾಲು ಕೊಂಡಿತು. ಮಾರ್ಗನ್ ಮನೆಯವರಿಗೆ ಉಳಿದದ್ದು ಸಣ್ಣ ಪಾಲು.

ಮರುವರ್ಷ, 2020ರಲ್ಲಿ, ಉಕ್ಕಿನ ಚಾಸಿಸ್ಸಿನ ಕೊನೆಯ ಕಾರು ಹೊರಬಂತು. 1936ರ ಫೋರ್-ಫೋರ್‌ನಿಂದ ಲೆಕ್ಕ ಹಾಕಿದರೆ 84 ವರ್ಷ. 1909ರ ಆ ಕಂಬದ ಸ್ಪ್ರಿಂಗೂ ಅದರ ಜೊತೆಗೇ ನಿಂತಿತು. 2022ರಲ್ಲಿ ಹೊಸ ಮೂರು ಗಾಲಿಯ ಗಾಡಿ ಬಂದಿದೆ, ಹೆಸರು ಸೂಪರ್ ತ್ರೀ, ಫೋರ್ಡ್ ಎಂಜಿನ್, ಇಡೀ ಮೈ ಅಲ್ಯೂಮಿನಿಯಂ, ಮರದ ಚೌಕಟ್ಟು ಇಲ್ಲ. ನಾಲ್ಕು ಗಾಲಿಯ ಕಾರುಗಳಲ್ಲಿ ಮಾತ್ರ ಆ್ಯಶ್ ಇನ್ನೂ ಇದೆ. ಪಿಕರ್ಸ್‌ಲೀ ರಸ್ತೆಯ ಬಡಗಿ ಶೆಡ್ಡನ್ನು ನೋಡಲು ಈಗ ಟಿಕೆಟ್ ಕೊಟ್ಟು ಜನ ಬರುತ್ತಾರೆ.